ಕುಡಿತ ಬಿಟ್ಟ ಮೇಲೂ ಅಣ್ಣನಿಗೆ ನಮ್ಮ ಮುಖ ಯಾಕೆ ಅರ್ಥವಾಗುತ್ತಿಲ್ಲ?

ಪ್ರಶ್ನೆ: ನನ್ನ ಅಣ್ಣನಿಗೆ 41 ವರ್ಷ. 14 ವರ್ಷ ಕುಡಿದ. ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಏಳು ವಾರದಿಂದ ಮುಟ್ಟಿಲ್ಲ. ಹಳೇ ಅಣ್ಣ ವಾಪಸ್ ಬರ್ತಾನೆ ಅಂದುಕೊಂಡಿದ್ದೆವು. ಆದರೆ ಈಗ ಮಾತೆತ್ತಿದರೆ ಜಗಳ. ಅತ್ತಿಗೆ ಸುಸ್ತಾಗಿ ಕೂತಿದ್ದರೆ ‘ಯಾಕೆ ಗುರಾಯಿಸ್ತೀಯ’ ಅಂತಾನೆ. ಒಂಬತ್ತು ವರ್ಷದ ಮಗಳು ಹೆದರಿ ನಿಂತರೆ ‘ನನ್ನ ಕಂಡ್ರೆ ಇವಳಿಗೆ ಅಸಹ್ಯ’ ಅಂತಾನೆ. ಅಮ್ಮನಿಗೆ ಆಪರೇಷನ್ ಆದ ದಿನ ಕಲ್ಲಿನ ಹಾಗೆ ಕೂತಿದ್ದ. ಸಣ್ಣ ನಿರ್ಧಾರಕ್ಕೂ ತಡಬಡಿಸುತ್ತಾನೆ. ಬೇಕಂತಲೇ ಹೀಗೆ ಮಾಡ್ತಿದ್ದಾನಾ? ಅವನ ಮಿದುಳು ಹೀಗೇ ಉಳಿದುಬಿಡುತ್ತಾ?

ಉತ್ತರ: ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದರಲ್ಲಿ ಹೆಚ್ಚಿನದನ್ನು ನಿಮ್ಮಣ್ಣ ಬೇಕಂತ ಮಾಡುತ್ತಿರುವ ಹಾಗೆ ಕಾಣುವುದಿಲ್ಲ. ಮಿದುಳು ಸಾಮಾನ್ಯವಾಗಿ ಹೀಗೇ ಉಳಿಯುವುದೂ ಇಲ್ಲ, ಬಹಳಷ್ಟು ವಾಪಸ್ ಬರುತ್ತದೆ. ಆದರೆ ಏಳು ವಾರಕ್ಕೆ ಬರುವುದಿಲ್ಲ. ಮನೆಯವರು ಬಾಟಲಿ ಬಿಟ್ಟ ದಿನದಿಂದ ದಿನ ಎಣಿಸುತ್ತಾರೆ. ಮಿದುಳು ಅದಕ್ಕಿಂತ ತುಂಬಾ ನಿಧಾನವಾಗಿ ನಡೆಯುತ್ತದೆ.

ನಿಮ್ಮ ಪತ್ರ ಓದುತ್ತಾ ನಾನು ನಿಂತುಬಿಟ್ಟಿದ್ದು ಆ ಮಗುವಿನ ವಿಷಯ ಬಂದಾಗ. ಮಗಳ ಮುಖದಲ್ಲಿದ್ದದ್ದು ಭಯ. ಅಪ್ಪನಿಗೆ ಕಂಡದ್ದು ಅಸಹ್ಯ. ಇದನ್ನು ಬರೀ ಮುಂಗೋಪ ಅಂತ ತಳ್ಳಿಹಾಕಬೇಡಿ. ಕುಡಿತದಿಂದ ಲಿವರ್ ಹಾಳಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎದುರಿಗಿರುವವರ ಮುಖ ನೋಡಿ ಅವರ ಮನಸ್ಸು ತಿಳಿಯುವ ಶಕ್ತಿಯೂ ಕೆಡುತ್ತದೆ ಅಂತ ಹೇಳುವವರು ಕಮ್ಮಿ. ನಾನು ನೋಡಿರುವ ಎಷ್ಟೋ ಮನೆಗಳಲ್ಲಿ ಕುಡಿತ ಬಿಟ್ಟ ಮೇಲಿನ ಜಗಳಗಳ ಬುಡ ಇದೇ ಆಗಿರುತ್ತದೆ.

ಈ ಶಕ್ತಿಯನ್ನು ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೇ ಮುಖ ಬರುತ್ತದೆ. ಖುಷಿ, ದುಃಖ, ಭಯ, ಕೋಪ, ಅಚ್ಚರಿ, ಅಸಹ್ಯ, ಈ ಆರರಲ್ಲಿ ಯಾವುದು ಅಂತ ಹೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ‘ಇವು ಎಲ್ಲ ಮನುಷ್ಯರಲ್ಲೂ ಇರುವ ಮೂಲ ಭಾವಗಳು’ ಅಂತ ವಾದಿಸಿದ ಪಟ್ಟಿ ಇದು. ಕೆಲವು ಮುಖಗಳಲ್ಲಿ ಭಾವ ಎದ್ದು ಕಾಣುತ್ತದೆ, ಕೆಲವುದರಲ್ಲಿ ಸುಮ್ನೆ ಒಂದು ಎಳೆ ಇರುತ್ತದೆ.

ಒಮ್ಮೆ ಕುಡಿತ ಬಿಟ್ಟು ಐದು ವಾರವಾಗಿದ್ದ ಒಬ್ಬರು ನನ್ನೆದುರು ಈ ಪರೀಕ್ಷೆಗೆ ಕೂತಿದ್ದರು. ಪರದೆಯ ಮೇಲೆ ಹೆದರಿದ ಮುಖ ಬಂತು. ಹುಬ್ಬು ಮೇಲೆ ಹೋಗಿದೆ, ಕಣ್ಣು ಅಗಲವಾಗಿದೆ, ಬಾಯಿ ಸ್ವಲ್ಪ ತೆರೆದಿದೆ. ಅವರು ಎರಡು ಸೆಕೆಂಡ್ ನೋಡಿ ‘ಕೋಪ’ ಅಂದರು. ಆಮೇಲೆ ದುಃಖದ ಮುಖ. ‘ಇವನಿಗೂ ಕೋಪ’ ಅಂದರು. ಯಾವ ಭಾವವೂ ಇಲ್ಲದ ಒಬ್ಬ ಹೆಂಗಸಿನ ಮುಖ ಬಂದಾಗ ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ‘ಇವಳು ನನ್ನ ಕೀಳಾಗಿ ನೋಡ್ತಿದ್ದಾಳೆ’ ಅಂದರು. ಎಲ್ಲ ಮುಗಿದ ಮೇಲೆ ‘ಎಷ್ಟು ಸರಿ ಬಂದಿರಬಹುದು?’ ಅಂತ ಕೇಳಿದೆ. ‘ಎಲ್ಲಾ ಸರಿ ಇರ್ಬೇಕು, ಸುಲಭ ಇತ್ತಲ್ಲ’ ಅಂದರು. ಅರ್ಧಕ್ಕಿಂತ ಜಾಸ್ತಿ ತಪ್ಪಾಗಿತ್ತು.

ಆ ಕೊನೆಯ ಮಾತನ್ನು ಗಮನಿಸಿ. ಕಣ್ಣು ಮಂಜಾದರೆ ನಮಗೆ ಗೊತ್ತಾಗುತ್ತದೆ, ಕನ್ನಡಕ ಹುಡುಕುತ್ತೇವೆ. ಮುಖ ಓದುವುದು ತಪ್ಪಿದಾಗ ಹಾಗಲ್ಲ, ತಪ್ಪಾಗಿದೆ ಅನ್ನುವುದೇ ತಿಳಿಯುವುದಿಲ್ಲ. ನಿಮ್ಮಣ್ಣನಿಗೆ ಅತ್ತಿಗೆಯ ಸುಸ್ತು ನಿಜವಾಗಿಯೂ ಸಿಟ್ಟಾಗಿಯೇ ಕಾಣುತ್ತಿರಬಹುದು. ‘ನಾನು ಗುರಾಯಿಸಿಲ್ಲ ಕಣ್ರೀ’ ಅಂತ ಅವರು ಹೇಳಿದರೆ, ಸಿಟ್ಟಿನ ಜೊತೆಗೆ ಸುಳ್ಳೂ ಹೇಳುತ್ತಿದ್ದಾಳೆ ಅನ್ನಿಸುತ್ತದೆ. ಅಲ್ಲಿಂದ ಮುಂದೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಕುಡಿತ ಬಿಟ್ಟವರ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ ಇದೇ ಚಿತ್ರ ಬಂದಿದೆ. ಭಾವ ಗುರುತಿಸಲು ಅವರಿಗೆ ಬೇರೆಯವರಿಗಿಂತ ಎದ್ದು ಕಾಣುವ ಮುಖ ಬೇಕು. ಕೋಪ ಮತ್ತು ಅಸಹ್ಯದ ವಿಷಯದಲ್ಲಿ ತಪ್ಪು ಜಾಸ್ತಿ. ಬೇಸರದ ಮುಖವನ್ನು ಸಿಟ್ಟಿನದ್ದು ಅಂದುಕೊಳ್ಳುವುದೂ ಇದೆ. ಸಣ್ಣ ಭಾವ ದೊಡ್ಡದಾಗಿ ಕಾಣುವುದೂ ಇದೆ. ಧ್ವನಿಯಲ್ಲೂ ಹೀಗೇ: ಹೇಳಿದ ಪದ ಅರ್ಥವಾಗುತ್ತದೆ, ಯಾವ ದನಿಯಲ್ಲಿ ಹೇಳಿದರು ಅನ್ನುವುದು ತಪ್ಪಿಹೋಗುತ್ತದೆ. ಕೊಕೇನ್, ಗಾಂಜಾ, ಓಪಿಯಂ ಜಾತಿಯ ಮಾದಕಗಳ ಬಗ್ಗೆಯೂ ಅಧ್ಯಯನಗಳಿವೆ. ಅಲ್ಲೂ ತೊಂದರೆ ಕಂಡಿದೆ, ಯಾವ ಭಾವ ತಪ್ಪುತ್ತದೆ ಅನ್ನುವುದು ಒಂದೊಂದರಲ್ಲಿ ಒಂದೊಂದು ಥರ. ಎಲ್ಲಕ್ಕಿಂತ ಜಾಸ್ತಿ ಅಧ್ಯಯನ ಆಗಿರುವುದು ಮದ್ಯದ ಬಗ್ಗೆ.

ಕಾರಣ ಏನು? ಮಿದುಳಿನ ಒಳಗೆ ಎರಡೂ ಬದಿಯಲ್ಲಿ ಬಾದಾಮಿ ಆಕಾರದ ಒಂದು ಚಿಕ್ಕ ಭಾಗ ಇದೆ, ಅಮಿಗ್ಡಲ ಅಂತ ಅದರ ಹೆಸರು. ಮುಖ ಕಂಡ ಕೂಡಲೇ ‘ಇದು ಮುಖ್ಯ, ಗಮನ ಕೊಡು’ ಅಂತ ಎಚ್ಚರಿಸುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲು. ವರ್ಷಗಟ್ಟಲೆ ಕುಡಿದವರಲ್ಲಿ ಮುಖಗಳನ್ನು ನೋಡುವಾಗ ಈ ಭಾಗ ಮಂಕಾಗಿ ಕೆಲಸ ಮಾಡುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಇನ್ನೊಂದು ಕಡೆ, ‘ತಾಳು, ಇನ್ನೊಮ್ಮೆ ನೋಡು, ಅವಳು ಬೆಳಗ್ಗಿಂದ ಕೂತೇ ಇಲ್ಲ’ ಅಂತ ಮೊದಲ ಅನಿಸಿಕೆಯನ್ನು ತಿದ್ದಬೇಕಾದದ್ದು ಹಣೆಯ ಹಿಂದಿನ ಭಾಗ. ಅದೂ ಸೋತಿರುತ್ತದೆ. ಅನಿಸಿಕೆಯೂ ತಪ್ಪು, ತಿದ್ದುವವನೂ ಮಲಗಿದ್ದಾನೆ ಅಂದ ಹಾಗೆ. ಕೆಲವರಿಗೆ ಕುಡಿತ ಹತ್ತುವ ಮೊದಲೇ ಈ ಶಕ್ತಿ ಸ್ವಲ್ಪ ಕಮ್ಮಿ ಇದ್ದಿರಬಹುದು. ಜನರ ಜೊತೆ ಬೆರೆಯುವುದು ಕಷ್ಟವಾಗಿ, ಆ ಕಷ್ಟ ಮರೆಯಲು ಕುಡಿತ ಶುರುವಾಗಿ, ಕುಡಿತ ಆ ಕಷ್ಟವನ್ನೇ ಇನ್ನಷ್ಟು ಬೆಳೆಸಿದ ಕಥೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ.

ಈಗ ಅಮ್ಮನ ಆಪರೇಷನ್ ದಿನದ ವಿಷಯ. ನಿಮಗೆ ಅದು ತುಂಬಾ ನೋವು ಕೊಟ್ಟಿದೆ ಅಂತ ಬರವಣಿಗೆಯಲ್ಲೇ ಗೊತ್ತಾಗುತ್ತದೆ. ಕಲ್ಲಿನ ಹಾಗೆ ಕೂತವರ ಒಳಗೆ ಏನೂ ಇಲ್ಲ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಆದರೆ ಬೇರೆಯವರ ಭಾವ ಮಾತ್ರ ಅಲ್ಲ, ತನ್ನ ಭಾವವೂ ತನಗೆ ತಿಳಿಯದ ಒಂದು ಸ್ಥಿತಿ ಇದೆ. 1970ರ ದಶಕದಲ್ಲಿ ಪೀಟರ್ ಸಿಫ್ನಿಯೋಸ್ ಅನ್ನುವ ಮನೋವೈದ್ಯರು ಇದಕ್ಕೆ ಅಲೆಕ್ಸಿಥೀಮಿಯ ಅಂತ ಹೆಸರಿಟ್ಟರು. ಸರಳವಾಗಿ ಹೇಳಿದರೆ, ಭಾವಕ್ಕೆ ಮಾತು ಸಿಗದ ಸ್ಥಿತಿ. ಸಾಮಾನ್ಯ ಜನರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇದು ಇರುತ್ತದೆ. ಮದ್ಯವ್ಯಸನಕ್ಕೆ ಚಿಕಿತ್ಸೆಗೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕಂಡುಬರುತ್ತದೆ. ಇಂಥವರನ್ನು ‘ಹೇಗನ್ನಿಸ್ತಿದೆ?’ ಅಂತ ಕೇಳಿದರೆ ‘ಏನಿಲ್ಲ’ ಅನ್ನುತ್ತಾರೆ. ‘ಮೈಯಲ್ಲಿ ಏನಾಗ್ತಿದೆ?’ ಅಂತ ಕೇಳಿ ನೋಡಿ. ಎದೆ ಬಿಗಿಯಾಗಿದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಅಂಗೈ ಬೆವರುತ್ತಿದೆ, ಎಲ್ಲ ಹೇಳುತ್ತಾರೆ. ಅದು ಭಯ, ಅದು ದುಃಖ ಅನ್ನುವ ಹೆಸರು ಮಾತ್ರ ಹತ್ತುವುದಿಲ್ಲ.

ಹೆಸರು ಹತ್ತದ ಸಂಕಟಕ್ಕೆ ವರ್ಷಗಟ್ಟಲೆ ಒಂದೇ ಮದ್ದು ಹಾಕಿದ್ದಾರೆ. ಹಸಿವಾದರೂ ಕುಡಿದರು, ಅವಮಾನವಾದರೂ ಕುಡಿದರು, ನಿದ್ದೆಗೆಟ್ಟಾಗಲೂ ಕುಡಿದರು. ಹಾಗಾಗಿ ಮೈಯಲ್ಲಿ ಏನೇ ಇರುಸುಮುರುಸಾದರೂ ಮಿದುಳು ಅದನ್ನು ತಲಬು ಅಂತಲೇ ಓದಲು ಕಲಿತುಬಿಡುತ್ತದೆ. ಮೈಯ ಒಳಗಿನ ಸುದ್ದಿ ಓದುವ ಭಾಗಕ್ಕೆ ಇನ್ಸುಲ ಅಂತ ಹೆಸರು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕ್ಷೇತ್ರದವರನ್ನೆಲ್ಲ ತಿರುಗಿ ನೋಡುವಂತೆ ಮಾಡಿತು. ಪಾರ್ಶ್ವವಾಯುವಿನಂಥ ಕಾರಣಕ್ಕೆ ಈ ಭಾಗಕ್ಕೆ ಪೆಟ್ಟು ಬಿದ್ದಿದ್ದ ಕೆಲವು ಸಿಗರೇಟು ಚಟದವರು, ಸೇದಬೇಕು ಅನ್ನುವ ಸೆಳೆತವೇ ಇಲ್ಲದ ಹಾಗೆ ಥಟ್ಟನೆ ಬಿಟ್ಟುಬಿಟ್ಟಿದ್ದರು. ಪೆಟ್ಟು ಬೀಳಲಿ ಅಂತ ಯಾರೂ ಹಾರೈಸುವುದಿಲ್ಲ ಬಿಡಿ. ಆದರೆ ತಲಬು ಅನ್ನುವುದು ಬರೀ ಮನೋದೌರ್ಬಲ್ಯ ಅಲ್ಲ, ಅದಕ್ಕೆ ಮೈಯಲ್ಲೇ ಒಂದು ನೆಲೆ ಇದೆ ಅನ್ನುವುದು ಅಲ್ಲಿ ಕಣ್ಣಿಗೆ ಕಟ್ಟಿತು.

ಖುಷಿ ಏಕೆ ಬತ್ತುತ್ತದೆ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ‘ಇದು ಬೇಕು, ಇದರ ಹಿಂದೆ ಹೋಗು’ ಅಂತ ಹೇಳುತ್ತದೆ. ಮಾದಕ ವಸ್ತುಗಳು ಅದನ್ನು ದಿನನಿತ್ಯದ ಸುಖಗಳಿಗಿಂತ ತುಂಬಾ ಜೋರಾಗಿ ಹರಿಸುತ್ತವೆ. ಯಾವಾಗಲೂ ಸ್ಪೀಕರ್ ಕಿರುಚುತ್ತಿರುವ ಮನೆಯಲ್ಲಿ ನೀವು ಕಿವಿ ಮುಚ್ಚಿಕೊಳ್ಳುವುದಿಲ್ಲವೇ? ಮಿದುಳೂ ಹಾಗೇ ಮಾಡುತ್ತದೆ, ಆ ಸಂದೇಶ ಹಿಡಿಯುವ ಗ್ರಾಹಕಗಳನ್ನು ಕಮ್ಮಿ ಮಾಡಿಕೊಳ್ಳುತ್ತದೆ. ಅಮೆರಿಕದ ನೋರಾ ವೋಲ್ಕೊ ಮತ್ತು ಸಹೋದ್ಯೋಗಿಗಳು ಕೊಕೇನ್, ಮೆಥ್ (ಮೆಥಾಂಫೆಟಮೈನ್ ಅನ್ನುವ ಮಾದಕ), ಮದ್ಯದ ವ್ಯಸನ ಇದ್ದವರ ಸ್ಕ್ಯಾನ್‌ಗಳಲ್ಲಿ ಇದನ್ನು ತೋರಿಸಿದರು. ಈಗ ಸ್ಪೀಕರ್ ನಿಂತಿದೆ, ಕಿವಿ ಮಾತ್ರ ಇನ್ನೂ ಮುಚ್ಚಿದೆ. ಮಗಳ ನಗು, ಒಳ್ಳೆ ನಿದ್ದೆ, ಅಮ್ಮ ಚೇತರಿಸಿಕೊಂಡ ಸುದ್ದಿ, ಇವೆಲ್ಲ ಮೆಲುದನಿಯಲ್ಲಿ ಬರುವಂಥವು. ಅವು ಇನ್ನೂ ಕೇಳಿಸುತ್ತಿಲ್ಲ. ಅದರ ಜೊತೆಗೆ, ಅಮಲಿನ ಎದುರು ಸಮತೋಲ ಕಾಯ್ದುಕೊಳ್ಳಲು ಮಿದುಳು ಬೆಳೆಸಿಕೊಂಡಿದ್ದ ಒತ್ತಡದ ರಾಸಾಯನಿಕಗಳು ಅಮಲು ಹೋದ ಮೇಲೂ ಕೆಲಸ ಮಾಡುತ್ತಲೇ ಇರುತ್ತವೆ. ಕಾರಣವಿಲ್ಲದ ಕಿರಿಕಿರಿ, ತಳಮಳ ಅದರಿಂದಲೇ.

ಕೊನೆಕೊನೆಗೆ ಅಣ್ಣ ಖುಷಿಗಾಗಿ ಕುಡಿಯುತ್ತಿರಲಿಲ್ಲ ಅಲ್ವಾ? ಕುಡಿತ ಇಷ್ಟ ಆಗದೇ ಇದ್ದರೂ ಬೇಕೇಬೇಕು ಅನ್ನಿಸುತ್ತದೆ. ‘ಬೇಕು’ ಬೇರೆ, ‘ಇಷ್ಟ’ ಬೇರೆ, ವ್ಯಸನದಲ್ಲಿ ಎರಡೂ ದೂರವಾಗುತ್ತವೆ ಅಂತ ಟೆರ‍್ರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಡ್ಜ್ 1993ರಲ್ಲೇ ವಿವರಿಸಿದರು. ‘ಅಷ್ಟು ಕಷ್ಟ ಆದ್ರೂ ಯಾಕೆ ಕುಡೀತೀಯ’ ಅಂತ ಮನೆಯವರು ಕೇಳುವ ಪ್ರಶ್ನೆಗೆ ಅವರ ಬಳಿ ಉತ್ತರ ಇಲ್ಲದಿರುವುದು ಇದಕ್ಕೇ.

ಯೋಚನೆಯ ವಿಷಯಕ್ಕೆ ಬರೋಣ. ತಡಬಡಿಸುವುದು ದಡ್ಡತನ ಅಲ್ಲ. ಹಣೆಯ ಹಿಂದಿನ ಭಾಗ ಮಾಡುವ ಕೆಲಸ ಮೂರು ಮಾತಿನಲ್ಲಿ ಹೇಳಬಹುದು: ತಡೆಯುವುದು, ತೂಗುವುದು, ಮುಂದಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. 1994ರಲ್ಲಿ ಆಂಟ್ವಾನ್ ಬೆಚಾರ ಮತ್ತು ಸಂಗಡಿಗರು ಒಂದು ಇಸ್ಪೀಟಿನ ಆಟದಂಥ ಪರೀಕ್ಷೆ ರೂಪಿಸಿದರು. ಎದುರಿಗೆ ನಾಲ್ಕು ಕಟ್ಟು. ಎರಡರಲ್ಲಿ ದೊಡ್ಡ ಲಾಭ, ಆದರೆ ಮಧ್ಯೆ ಮಧ್ಯೆ ಅದನ್ನೂ ಮೀರಿದ ನಷ್ಟ. ಇನ್ನೆರಡರಲ್ಲಿ ಸಣ್ಣ ಲಾಭ, ಸಣ್ಣ ನಷ್ಟ, ಕೊನೆಗೆ ಗೆಲುವು. ಸಾಮಾನ್ಯವಾಗಿ ಜನ ಆಡುತ್ತಾ ಆಡುತ್ತಾ ಕೆಟ್ಟ ಕಟ್ಟನ್ನು ಬಿಡುತ್ತಾರೆ. ಬಾಯಲ್ಲಿ ಕಾರಣ ಹೇಳಲು ಬರುವ ಮೊದಲೇ ಕೈ ಹಿಂಜರಿಯಲು ಶುರುವಾಗುತ್ತದೆ. ವ್ಯಸನದಲ್ಲಿರುವ ಅನೇಕರು ಕೊನೆಯವರೆಗೂ ಕೆಟ್ಟ ಕಟ್ಟಿಗೇ ಕೈ ಹಾಕುತ್ತಾರೆ. ಗೊತ್ತಿಲ್ಲದೆ ಅಲ್ಲ. ಹೊಟ್ಟೆಯಲ್ಲಿ ಚುರುಕ್ ಅನ್ನಬೇಕಿತ್ತಲ್ಲ, ಅದು ಅನ್ನುವುದಿಲ್ಲ. ಯೋಚನೆ ಮತ್ತು ಭಾವ ಎರಡು ಬೇರೆ ಕೋಣೆಗಳಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ. ಒಳಗಿನ ಅಳುಕು ಮಂಕಾದರೆ ನಿರ್ಧಾರವೂ ಕೆಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಅಣ್ಣನಿಗೆ ನಿನ್ನೆ ನಡೆದದ್ದೇ ಮರೆತುಹೋಗುತ್ತಿದೆಯಾ? ನಡೆಯದ ಸಂಗತಿಯನ್ನು ನಡೆದ ಹಾಗೆ ಹೇಳುತ್ತಾರಾ? ನಡಿಗೆ ತೂರಾಡುತ್ತದೆಯಾ, ಎರಡೆರಡು ಕಾಣುತ್ತದೆ ಅನ್ನುತ್ತಾರಾ? ಇವುಗಳಲ್ಲಿ ಯಾವುದಿದ್ದರೂ ಇವತ್ತೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ವರ್ಷಗಟ್ಟಲೆ ಕುಡಿದವರಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ತೀರಾ ಕಮ್ಮಿಯಾಗಿ ಮಿದುಳಿಗೆ ಪೆಟ್ಟಾಗುತ್ತದೆ. 1881ರಲ್ಲಿ ಕಾರ್ಲ್ ವೆರ್ನಿಕೆ ಇದರ ಮೊದಲ ಹಂತವನ್ನು ವಿವರಿಸಿದರು. ನೆನಪು ಅಳಿಸಿಹೋಗುವ ನಂತರದ ಹಂತವನ್ನು ಕೆಲವೇ ವರ್ಷಗಳ ನಂತರ ಸೆರ್ಗೆಯ್ ಕೊರ್ಸಕೋಫ್ ವಿವರಿಸಿದರು. ಬೇಗ ಇಂಜೆಕ್ಷನ್ ಸಿಕ್ಕರೆ ಬಹಳಷ್ಟು ಉಳಿಸಬಹುದು, ತಡವಾದರೆ ಕೆಲವು ಹಾನಿ ಶಾಶ್ವತ. ಇಂಥವರು ಇಲ್ಲದ್ದನ್ನು ಹೇಳಿದಾಗ ಅದು ಸುಳ್ಳಲ್ಲ, ನೆನಪಿನ ತೂತನ್ನು ಮಿದುಳು ತಾನೇ ತುಂಬಿಸಿಕೊಳ್ಳುತ್ತಿರುತ್ತದೆ.

ಹಾಗಾದರೆ ಚೇತರಿಕೆ ಯಾವಾಗ? ಕುಡಿತದಿಂದ ಕುಗ್ಗಿದ ಮಿದುಳಿನ ಗಾತ್ರ, ಬಿಟ್ಟ ಮೊದಲ ಕೆಲವು ವಾರ, ತಿಂಗಳುಗಳಲ್ಲೇ ಸ್ವಲ್ಪ ತುಂಬಿಕೊಳ್ಳಲು ಶುರುವಾಗುತ್ತದೆ. ಗಮನ, ಲೆಕ್ಕಾಚಾರ, ದಿನದ ಕೆಲಸದ ನೆನಪು ತಿಂಗಳುಗಳಲ್ಲಿ ಸುಧಾರಿಸುತ್ತವೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಮೆಥ್ ಬಿಟ್ಟವರ ಬಗ್ಗೆ 2001ರಲ್ಲಿ ಬಂದ ಒಂದು ಅಧ್ಯಯನ ನೆನಪಾಗುತ್ತದೆ. ವರ್ಷದ ಮೇಲಾದಾಗ ಡೋಪಮೈನ್ ವ್ಯವಸ್ಥೆಯ ಒಂದು ಮುಖ್ಯ ಭಾಗ ಬಹಳಷ್ಟು ಚೇತರಿಸಿಕೊಂಡಿತ್ತು. ಆದರೆ ನೆನಪಿನ ಪರೀಕ್ಷೆಗಳಲ್ಲಿ ಅಷ್ಟೇ ಸುಧಾರಣೆ ಕಂಡಿರಲಿಲ್ಲ. ತಂತಿ ಸರಿಹೋದ ಕೂಡಲೇ ಹಾಡು ಬರುವುದಿಲ್ಲ, ಮತ್ತೆ ಅಭ್ಯಾಸ ಆಗಬೇಕು. ಮುಖ ಓದುವುದೂ ಹೀಗೇ. ಅದು ತಡವಾಗಿ ಬರುವ ಶಕ್ತಿಗಳಲ್ಲಿ ಒಂದು, ಮತ್ತು ಮನೆಯಲ್ಲಿ ಅಭ್ಯಾಸ ಮಾಡಿಸಬಹುದಾದದ್ದು.

ಅಭ್ಯಾಸ ಅಂದರೆ ದೊಡ್ಡದೇನಲ್ಲ. ಸದ್ಯಕ್ಕೆ ಮುಖ ಹೇಳಬೇಕಾದ್ದನ್ನು ಬಾಯಿ ಹೇಳಲಿ. ಅತ್ತಿಗೆ ಒಳಗೆ ಬಂದ ಕೂಡಲೇ ‘ನನಗೆ ಸುಸ್ತಾಗಿದೆ, ನಿಮ್ಮ ಮೇಲೆ ಸಿಟ್ಟಿಲ್ಲ, ಹತ್ತು ನಿಮಿಷ ಕೂರ್ತೀನಿ’ ಅಂತ ಹೇಳಬಹುದು. ‘ಇಷ್ಟು ವರ್ಷ ಆದ ಮೇಲೂ ನಾನೇ ಬಿಡಿಸಿ ಹೇಳಬೇಕಾ’ ಅಂತ ಅವರಿಗೆ ಅನ್ನಿಸುತ್ತದೆ. ಆ ಅನ್ನಿಸಿಕೆ ಪೂರ್ತಿ ನ್ಯಾಯವಾದದ್ದು. ಅವರೂ 14 ವರ್ಷ ಸವೆದಿದ್ದಾರೆ, ಅವರಿಗೂ ಯಾರಾದರೂ ಕೂತು ಕೇಳಬೇಕು. ಅಣ್ಣನಿಗೆ ನೀವು ಒಂದೇ ಒಂದು ವಾಕ್ಯ ಕಲಿಸಿ. ‘ಯಾಕೆ ಗುರಾಯಿಸ್ತೀಯ’ ಬದಲು ‘ನಿಂಗೆ ಸಿಟ್ಟು ಬಂದಿದೆಯಾ, ಇಲ್ಲ ನಂಗೆ ಹಾಗನ್ನಿಸ್ತಿದೆಯಾ?’ ತೀರ್ಮಾನ ಕೊಡುವ ಬದಲು ಕೇಳುವುದು, ಅಷ್ಟೇ. ನಾನು ಹೇಳಿದ ಆ ಐದು ವಾರದ ವ್ಯಕ್ತಿ ಇದನ್ನು ಮೊದಲ ಸಲ ಹೆಂಡತಿಗೆ ಕೇಳಿದಾಗ ಆಕೆ ಉತ್ತರ ಕೊಡದೆ ಅತ್ತುಬಿಟ್ಟರಂತೆ. ಅವರು ನನ್ನ ಹತ್ತಿರ ಬಂದು ‘ಡಾಕ್ಟ್ರೇ, ಆ ಅಳು ಯಾವ ಥರದ್ದು ಅಂತ ನಂಗೆ ಗೊತ್ತಾಗ್ಲಿಲ್ಲ, ಅದನ್ನೂ ಕೇಳಿದೆ’ ಅಂದರು. ಆ ದಿನ ನನಗೆ ಅವರ ಬಗ್ಗೆ ಭರವಸೆ ಬಂತು.

ಮುಖ್ಯ ಮಾತುಕತೆ, ಹಣದ ವಿಷಯ, ಹಳೇ ಲೆಕ್ಕ, ಇವೆಲ್ಲ ರಾತ್ರಿ ಬೇಡ. ಸುಸ್ತು ಮತ್ತು ಹಸಿವಿನಲ್ಲಿ ಮುಖ ಓದುವುದು ಎಲ್ಲರಿಗೂ ಕೆಡುತ್ತದೆ, ಅವರಿಗೆ ಇನ್ನೂ ಜಾಸ್ತಿ. ನಿರ್ಧಾರಗಳಿಗೆ ಒಂದು ರಾತ್ರಿ ಕಳೆಯಲಿ ಅನ್ನುವ ನಿಯಮ ಮಾಡಿಕೊಂಡರೆ ಹಣೆಯ ಹಿಂದಿನ ಭಾಗಕ್ಕೆ ಸಮಯ ಸಿಗುತ್ತದೆ.

ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಎರಡು ವಿಷಯ ಹೇಳಿ. ಒಂದು, ಈ ಮಂಕುತನ ಏಳು ವಾರವಾದರೂ ಹೋಗಿಲ್ಲ ಅನ್ನುವುದು. ಬರೀ ಕುಡಿತದಿಂದ ಬಂದ ಖಿನ್ನತೆ ಬಿಟ್ಟ ಮೇಲೆ ಸಾಮಾನ್ಯವಾಗಿ ಮೂರು ನಾಲ್ಕು ವಾರದಲ್ಲಿ ತಿಳಿಯಾಗುತ್ತಾ ಬರುತ್ತದೆ. ಆಗದಿದ್ದರೆ ಖಿನ್ನತೆಗೇ ಬೇರೆ ಚಿಕಿತ್ಸೆ ಬೇಕಾಗಬಹುದು. ಸಾಯುವ ಮಾತು ಬಂದರೆ ಭೇಟಿಯ ದಿನಕ್ಕೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಎರಡು, ತಲಬು ಎಷ್ಟಿದೆ ಅನ್ನುವುದು. ಅದನ್ನು ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್‌ನಂಥ ಔಷಧಿಗಳಿವೆ, ಇವರಿಗೆ ಯಾವುದು ಹೊಂದುತ್ತದೆ ಅಂತ ಅವರೇ ನೋಡಬೇಕು. ಮತ್ತೆ ಕುಡಿತ ಶುರುವಾಗಿಬಿಟ್ಟರೆ ಮನೆಯಲ್ಲೇ ಕೂಡಿಹಾಕಿ ಒಮ್ಮೆಲೇ ನಿಲ್ಲಿಸುವ ಪ್ರಯತ್ನ ಮಾಡಬೇಡಿ. ದಿನವೂ ಜೋರಾಗಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಭ್ರಮೆ, ನಡುಕ, ಪ್ರಾಣಾಪಾಯವೂ ಆಗಬಹುದು. ಅದನ್ನು ವೈದ್ಯರ ಕಣ್ಣಳತೆಯಲ್ಲೇ ಮಾಡಬೇಕು.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮಿದುಳಿನ ಕಾರಣ ಹೇಳಿದೆ ಅಂದರೆ ಎಲ್ಲವನ್ನೂ ಸಹಿಸಿಕೊಳ್ಳಿ ಅಂತ ಅಲ್ಲ. ಮುಖ ತಪ್ಪಾಗಿ ಓದುವುದು ಕಾಯಿಲೆಯ ಭಾಗ. ಕೈ ಎತ್ತಿದರೆ ಅದಕ್ಕೆ ಯಾವ ಕಾಯಿಲೆಯೂ ನೆಪ ಆಗಬಾರದು. ಅತ್ತಿಗೆಗೋ ಮಗುವಿಗೋ ಏಟು ಬೀಳುವ ಭಯ ಇದ್ದರೆ ಮೊದಲು ಅವರನ್ನು ಸುರಕ್ಷಿತ ಜಾಗಕ್ಕೆ ಕಳಿಸಿ, ಅಭ್ಯಾಸ ಆಮೇಲೆ.

ಆ ಮಗುವಿನ ಜೊತೆ ನೀವೇ ಕೂತು ಮಾತಾಡಿ, ಅತ್ತೆಯಾಗಿ ನಿಮಗೆ ಅದು ಸುಲಭ. ಒಂಬತ್ತು ವರ್ಷಕ್ಕೆ ಅರ್ಥವಾಗುವ ಹಾಗೆ ಹೇಳಿ: ‘ಅಪ್ಪನಿಗೆ ಹುಷಾರಿರ್ಲಿಲ್ಲ, ಈಗ ವಾಸಿ ಆಗ್ತಿದೆ. ಆದ್ರೆ ಮುಖ ನೋಡಿ ನಿಂಗೇನನ್ನಿಸ್ತಿದೆ ಅಂತ ಅಪ್ಪಂಗೆ ಇನ್ನೂ ಸರಿಯಾಗಿ ಗೊತ್ತಾಗಲ್ಲ. ಅಪ್ಪ ತಪ್ಪು ತಿಳ್ಕೊಂಡ್ರೆ ಅದು ನಿನ್ನ ತಪ್ಪಲ್ಲ. ಅಪ್ಪನ್ನ ಸರಿ ಮಾಡೋದು ನಿನ್ನ ಕೆಲ್ಸಾನೂ ಅಲ್ಲ. ಭಯ ಆದ್ರೆ ಅಮ್ಮನ ಹತ್ರ ಹೋಗು, ಇಲ್ಲ ನಂಗೆ ಫೋನ್ ಮಾಡು.’ ಆಮೇಲೆ ಅವಳು ಏನು ಹೇಳುತ್ತಾಳೆ ಅಂತ, ಮಧ್ಯೆ ಬಾಯಿ ಹಾಕದೆ, ಪೂರ್ತಿ ಕೇಳಿಸಿಕೊಳ್ಳಿ.